ಸಾಲದ ಅದೃಷ್ಟ: ಪಾತ್ರಕ್ಕೊಂದು ಹೊಸ ಶಕ್ತಿ ಕಟ್ಟಿದ ಬಗೆ

ನಾನೇ ನಿಯಮ ಬರೆದು, ಗೇಮ್ ಮಾಸ್ಟರ್ ಆಗಿ ಆಡಿಸುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ (ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದು ಪಾತ್ರವಾಗಿ ಕಥೆ ನಡೆಸುವ, ಗೆಲುವು-ಸೋಲನ್ನು ದಾಳ ಉರುಳಿಸಿ ತೀರ್ಮಾನಿಸುವ ಆಟ) ಯಾರಾದರೂ ಹೊಸ ಶಕ್ತಿ ಕೇಳಿದರೆ ಅಂಕಗಳ ಗೊಡವೆಗೆ ನಾನು ತಟ್ಟನೆ ಹೋಗುವುದಿಲ್ಲ. 'ದಾಳಿಗೆ ಎರಡು ಅಂಕ ಹೆಚ್ಚು' ಎಂಬುದು ಹಾಳೆಯಲ್ಲಿ ಬರೆದು ಮರೆಯುವ ಸಂಗತಿ. ಅದನ್ನು ಪಡೆದವರು ಆಮೇಲೆ ಯಾವ ನಿರ್ಧಾರವನ್ನೂ ಮಾಡಬೇಕಾಗಿಲ್ಲ. ಈ ಪಾತ್ರ ಮಾತ್ರ ಮಾಡಬಲ್ಲದ್ದೇನು, ಅದಕ್ಕೆ ತೆರಬೇಕಾದದ್ದೇನು ಎಂದು ಮೊದಲು ಕೇಳುತ್ತೇನೆ.

ನಮ್ಮ ಗುಂಪಿನ ಆಟಗಾರ್ತಿಯೊಬ್ಬರ ಪಾತ್ರ, ಜೂಜಾಡಿ ಮನೆ ಕಳೆದುಕೊಂಡ ಮಾಂತ್ರಿಕೆ. ಅವಳಿಗೆ ಅದೃಷ್ಟದ ಶಕ್ತಿ ಬೇಕಿತ್ತು. ಇಪ್ಪತ್ತು ಮುಖದ ದಾಳಗಳನ್ನು ಎರಡು ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಡುವುದು ಸುಲಭದ ದಾರಿ. ಲೆಕ್ಕ ಹಾಕಿ ನೋಡಿದೆ. ಗೆಲ್ಲಲು 11 ಅಥವಾ ಹೆಚ್ಚು ಬಿದ್ದರೆ ಸಾಕಾದಾಗ ಸಾಧ್ಯತೆ ಶೇ. 50ರಿಂದ 75ಕ್ಕೆ ಏರುತ್ತದೆ, ಅಂದರೆ ಒಂದೇ ದಾಳ ಉರುಳಿಸಿ ಅದಕ್ಕೆ ಐದು ಅಂಕ ಸೇರಿಸಿದಷ್ಟೇ ಲಾಭ. 20 ಬೀಳಲೇಬೇಕಾದಾಗ ಮಾತ್ರ ಶೇ. 5ರಿಂದ 9.75ಕ್ಕೆ ಬಂದು ನಿಲ್ಲುತ್ತದೆ. ಎಲ್ಲ ದಾರಿಯೂ ಮುಚ್ಚಿದಾಗಲೇ ಕೈಹಿಡಿಯದ ಅದೃಷ್ಟ ಜೂಜುಗಾರ್ತಿಗೆ ಯಾಕೆ? ಅದನ್ನು ಕೈಬಿಟ್ಟು ಹೀಗೆ ಬರೆದೆ:

"ನಿಮ್ಮ ದಾಳ ಸೋತಾಗ ಅದನ್ನು ಗೆಲುವೆಂದು ಸಾರಬಹುದು. ಮುಂದೆ ಎಂದಾದರೂ ಗೇಮ್ ಮಾಸ್ಟರ್ ನಿಮ್ಮ ಒಂದು ಗೆಲುವನ್ನು ಸೋಲಾಗಿಸುತ್ತಾರೆ. ಆ ಸಾಲ ತೀರುವವರೆಗೆ ಮತ್ತೆ ಸಾಲವಿಲ್ಲ."

ಶಕ್ತಿಯ ಭಾರವೆಲ್ಲ ಇರುವುದು ಮೂರನೆಯ ವಾಕ್ಯದಲ್ಲಿ. ಅದಿಲ್ಲದಿದ್ದರೆ ಒಂದೇ ಕಾಳಗದಲ್ಲಿ ಸಾಲದ ಮೇಲೆ ಸಾಲ ಎತ್ತಬಹುದು. ಹಾಗಿದ್ದರೂ ಕಥೆಯ ಕೊನೆಯ ಕಾಳಗದಲ್ಲಿ ತೆಗೆದ ಸಾಲ ಬಾಕಿ ಉಳಿಯುತ್ತದಲ್ಲ. ಅಂಥದ್ದನ್ನು ಕಥೆಯೊಳಗೇ ತೀರಿಸಬೇಕು, ಪ್ರಿಯವಾದ ಏನನ್ನಾದರೂ ಕಳೆದುಕೊಂಡು. ನನ್ನ ಕೈಗೂ ಒಂದು ಕಟ್ಟು ಹಾಕಿಕೊಂಡೆ: ಯಾರದಾದರೂ ಪ್ರಾಣ ನಿಂತಿರುವ ದಾಳದ ಮೇಲೆ ವಸೂಲಿ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ನಿಯಮದಲ್ಲೇ ಬರೆದೆ, ಏಕೆಂದರೆ ಸಾಲ ತೆಗೆಯುವವರಿಗೆ ಷರತ್ತು ಮೊದಲೇ ತಿಳಿದಿರಬೇಕು.

ಆಮೇಲೆ ಒಬ್ಬನೇ ಕುಳಿತು ಎರಡೂ ಪಕ್ಷಗಳ ಪರವಾಗಿ ಕಾಳಗ ಆಡುತ್ತೇನೆ. ಆಗ ನಾನು ಹುಡುಕುವುದು ನಿಯಮವನ್ನು ಅತಿ ದುರಾಸೆಯಿಂದ ಬಳಸುವ ದಾರಿಯನ್ನು. ಗುಂಪಿನ ಯೋಧನಿಗೆ ಜೊತೆಗಾರರ ದಾಳವನ್ನು ಮತ್ತೆ ಉರುಳಿಸುವ ಶಕ್ತಿ ಇದೆ. ಅದನ್ನು ಬಳಸಿದರೆ ಮಾಂತ್ರಿಕೆ ಸಾಲದಿಂದ ಪುಕ್ಕಟೆ ಪಾರಾಗುತ್ತಾಳೆ. 'ವಸೂಲಾದ ಸೋಲನ್ನು ಬೇರಾವ ಶಕ್ತಿಯೂ ತಿದ್ದಲಾರದು' ಎಂಬ ಸಾಲು ಸೇರಿದ್ದು ಹೀಗೆ.

ಆರು ಮುಖದ ಎರಡು ದಾಳಗಳನ್ನು ಉರುಳಿಸಿ ಮೊತ್ತ ನೋಡುವ ಆಟವಾದರೆ ಅಂಕಗಳ ಲೆಕ್ಕವೇ ಬೇರೆ. ಅಲ್ಲಿ ಒಂದು ಅಂಕ ಸೇರಿದರೆ ಗೆಲ್ಲಲು ಕನಿಷ್ಠ 8 ಬೇಕಿದ್ದವರ ಸಾಧ್ಯತೆ ಶೇ. 41.7ರಿಂದ 58.3ಕ್ಕೆ ಹಾರುತ್ತದೆ, 12 ಬೇಕಿದ್ದವರದು ಶೇ. 2.8ರಿಂದ 8.3ಕ್ಕೆ ಮಾತ್ರ. ಇನ್ನು ಒಂದೇ ಸರದಿಯಲ್ಲಿ ಎರಡು ಕೆಲಸ ಮಾಡಲು ಬಿಡುವ ಶಕ್ತಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ನಾಲ್ವರ ಗುಂಪಿನಲ್ಲಿ ಅದು ಇಡೀ ಗುಂಪಿನ ಬಲವನ್ನು ಕಾಲು ಭಾಗದಷ್ಟು ಹೆಚ್ಚಿಸಬಹುದು, ಮಿಕ್ಕ ಮೂವರು ಕಾಯುತ್ತಾ ಕೂರಬೇಕು.

ಸದ್ಯ ವೈದ್ಯನ ಪಾತ್ರದ ಮೇಲೆ ಕೆಲಸ ನಡೆದಿದೆ: ಇತರರ ಗಾಯವನ್ನು ತನ್ನ ಮೈಮೇಲೆ ಎಳೆದುಕೊಳ್ಳುವ ಶಕ್ತಿ. ಬೆಲೆ ಅದರೊಳಗೇ ಇದೆ. ಆದರೆ ಪ್ರಜ್ಞೆ ತಪ್ಪಿದ ವೈದ್ಯನೂ ಗಾಯ ಎಳೆದುಕೊಳ್ಳಬಹುದೇ ಎಂದು ಯೋಧನ ಆಟಗಾರ ಕೇಳಿದ್ದಾನೆ. ಉತ್ತರ ಬರೆಯುವವರೆಗೆ ಅದನ್ನು ಆಟಕ್ಕೆ ಇಳಿಸುವುದಿಲ್ಲ.