ಏಟಿನ ಕಥೆಗಿಂತ ಮೊದಲಿನ ಕಥೆ

ಹನ್ನೊಂದು ವರ್ಷಗಳ ದಾಂಪತ್ಯದಿಂದ ಮಕ್ಕಳೊಂದಿಗೆ ಹೊರಬಂದ ನನಗೆ, ಆ ಬಗ್ಗೆ ಬೇರೆ ಹೆಂಗಸರ ಮುಂದೆ ಬಾಯಿಬಿಡಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಮೊದಲ ಸಭೆಯಲ್ಲಿ ನಾನು ತಿಂದ ಏಟುಗಳನ್ನಷ್ಟೇ ಹೇಳಿದೆ. ಕೇಳಿದವರು ಅತ್ತರು, ಧೈರ್ಯವಂತೆ ಎಂದರು. ಆದರೆ ಯಾರೊಬ್ಬರೂ ತಮ್ಮ ಮನೆಯ ವಿಷಯ ಎತ್ತಲಿಲ್ಲ. ನನ್ನಷ್ಟು ಏಟು ಬಿದ್ದಿಲ್ಲವಾದ್ದರಿಂದ ತಮ್ಮದು ದೌರ್ಜನ್ಯವೇ ಅಲ್ಲವೆಂದು ಅವರಲ್ಲಿ ಕೆಲವರು ತಿಳಿದುಕೊಂಡಿದ್ದರೆಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅಂದಿನಿಂದ ನಾನು ಮೊದಲ ಏಟಿಗೂ ಹಿಂದಿನಿಂದ ಆರಂಭಿಸುತ್ತೇನೆ: ಸಂಬಳ ಬಂದ ದಿನವೇ ಲೆಕ್ಕ ಒಪ್ಪಿಸಬೇಕಾಗಿದ್ದುದು, ಯಾರೊಡನೆ ಎಷ್ಟು ಹೊತ್ತು ಮಾತನಾಡಿದೆನೆಂದು ಪ್ರತಿ ರಾತ್ರಿ ಫೋನಿನ ತಪಾಸಣೆ ನಡೆಯುತ್ತಿದ್ದುದು, ಅಕ್ಕನ ಮನೆಗೆ ಹೋಗಿಬರುವುದು ಮೆಲ್ಲಮೆಲ್ಲನೆ ನಿಂತೇಹೋದದ್ದು. ಅಮೆರಿಕದ ಡುಲೂತ್ ನಗರದಲ್ಲಿ 1980ರ ದಶಕದಲ್ಲಿ, ಹಿಂಸೆ ಅನುಭವಿಸಿದ ಹೆಂಗಸರ ಮಾತುಗಳನ್ನೇ ಆಧರಿಸಿ ರಚಿಸಿದ ಒಂದು ಚಕ್ರದ ಚಿತ್ರವನ್ನೂ ತೋರಿಸುತ್ತೇನೆ. ಅದರ ಹೊರಸುತ್ತಿನಲ್ಲಿ ದೈಹಿಕ ಮತ್ತು ಲೈಂಗಿಕ ಹಿಂಸೆಯಿದ್ದರೆ, ಒಳಗಿನ ಭಾಗಗಳಲ್ಲಿ ಬೆದರಿಕೆ, ಹಣದ ಹಿಡಿತ, ಬಂಧುಬಳಗದಿಂದ ದೂರ ಮಾಡುವುದು, ಮಕ್ಕಳನ್ನು ಮುಂದಿಟ್ಟು ಮಣಿಸುವುದು ಇವೆಲ್ಲ ಇವೆ. ಮಾತಿಲ್ಲದೆ ಕುಳಿತವರು ಆ ಚಿತ್ರದ ಒಂದು ಭಾಗದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ್ದುಂಟು.

ಮೊಕದ್ದಮೆ ಮುಗಿಯುವವರೆಗೆ ಏನನ್ನು ಹೇಳಬಹುದೆಂದು ವಕೀಲರನ್ನು ಕೇಳಿಕೊಂಡೇ ಮಾತನಾಡಿದೆ. ವಾಸದ ಸ್ಥಳವನ್ನಾಗಲಿ ಮಕ್ಕಳ ಶಾಲೆಯನ್ನಾಗಲಿ ಹೇಳುವುದಿಲ್ಲ. ಮಕ್ಕಳು ಕಂಡದ್ದು ಅವರ ಕಥೆ. ಅವರ ಒಪ್ಪಿಗೆಯಿಲ್ಲದೆ ಅದನ್ನು ಹೇಳುವ ಹಕ್ಕು ನನಗಿಲ್ಲವೆಂದೇ ನಂಬಿದ್ದೇನೆ.

ನನ್ನಿಂದ ಒಂದು ದೊಡ್ಡ ತಪ್ಪಾಗಿದೆ. ಸಭೆಯ ನಂತರ ಬಳಿಗೆ ಬಂದ ಒಬ್ಬರಿಗೆ, ಇನ್ನು ಒಂದು ದಿನವೂ ಆ ಮನೆಯಲ್ಲಿರಬೇಡಿ ಎಂದುಬಿಟ್ಟೆ. ಅವರು ಮನೆಗೆ ಹೋಗಿ, ಬಿಟ್ಟು ಹೋಗುವುದಾಗಿ ಗಂಡನಿಗೆ ಹೇಳಿದರು. ಆ ರಾತ್ರಿ ಆತ ಅವರ ಕತ್ತು ಹಿಸುಕಿದ. ಹೆಣ್ಣು ಹೊರಡಲು ನಿರ್ಧರಿಸಿದ ಹೊತ್ತೇ ಅವಳಿಗೆ ಅತ್ಯಂತ ಅಪಾಯದ ಹೊತ್ತೆಂಬುದನ್ನು ನಾನು ಸ್ವತಃ ಅನುಭವಿಸಿಯೂ ಮರೆತಿದ್ದೆ. ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡವರು ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಸುಮಾರು 7 ಪಟ್ಟು ಹೆಚ್ಚೆಂದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ನಾನು ಸಲಹೆಯಿಂದ ತೊಡಗುವುದಿಲ್ಲ. ನಿಮ್ಮ ಮಾತನ್ನು ನಂಬುತ್ತೇನೆ, ಇದು ನಿಮ್ಮ ತಪ್ಪಲ್ಲ ಎನ್ನುತ್ತೇನೆ. ಇಂದು ಮನೆಗೆ ಹೋಗುವುದು ಕ್ಷೇಮವೇ, ಎಂದಾದರೂ ಕತ್ತಿಗೆ ಕೈ ಹಾಕಿದ್ದುಂಟೇ ಎಂದು ಕೇಳುತ್ತೇನೆ. ಹೌದೆಂದರೆ, ಗಾಯ ಕಾಣದಿದ್ದರೂ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುತ್ತೇನೆ. ಉಳಿದದ್ದನ್ನು ತರಬೇತಿ ಪಡೆದ ಆಪ್ತಸಮಾಲೋಚಕಿಯೊಡನೆ ಕುಳಿತು ಯೋಚಿಸುತ್ತೇವೆ.

ಅಂದು ನನ್ನ ಮಾತು ಕೇಳಿ ಅಪಾಯಕ್ಕೆ ಸಿಕ್ಕಿದವರು ಮತ್ತೆ ಬಂದರು. ಕಾಗದಪತ್ರಗಳ ನಕಲುಗಳನ್ನು ಒಂದೊಂದಾಗಿ ನಮ್ಮಲ್ಲಿ ತಂದಿಟ್ಟರು. ಅವರು ಹೊರಬಂದದ್ದು ಒಂಬತ್ತು ತಿಂಗಳ ನಂತರ. ದಿನವನ್ನು ಗೊತ್ತುಮಾಡಿದವರು ಅವರೇ.