ಕೈ ತಿರುಗಿಸಿ, ಮೈ ವಾಲಿಸಿ: ರೇಸಿಂಗ್ ಗೇಮ್ ಆಡುವ ಇನ್ನೊಂದು ಬಗೆ

ಯಾರಾದರೂ ರೇಸಿಂಗ್ ಗೇಮ್ ಆಡುತ್ತಿದ್ದರೆ ಪರದೆಯನ್ನು ಬಿಟ್ಟು ಆಡುವವರನ್ನು ನೋಡಿ. ಬಲಕ್ಕೆ ಕಡಿದಾದ ತಿರುವು ಬಂತೆಂದರೆ ತಲೆ ಬಲಕ್ಕೆ ವಾಲುತ್ತದೆ, ಭುಜ ಇಳಿಯುತ್ತದೆ, ಕೆಲವರ ಎಡ ಮಂಡಿ ತಾನಾಗಿಯೇ ಮೇಲೇಳುತ್ತದೆ. ಕೈಯಲ್ಲಿರುವುದು ಗುಂಡಿಗಳ ಸಾಧಾರಣ ಕಂಟ್ರೋಲರ್. ಮೈ ಎಷ್ಟು ವಾಲಿದರೂ ಪರದೆಯ ಗಾಡಿಗೆ ಅದರ ಗೊಡವೆಯಿಲ್ಲ. ಆದರೂ ವಾಲುತ್ತಾರೆ. ಹೀಗೆ ವ್ಯರ್ಥವಾಗುತ್ತಿದ್ದ ವಾಲಾಟಕ್ಕೆ ಒಂದು ಕೆಲಸ ಕೊಟ್ಟದ್ದೇ ಚಲನೆಯಿಂದ ಆಡುವ ರೇಸಿಂಗ್ ಗೇಮ್‌ಗಳ ಹೆಚ್ಚುಗಾರಿಕೆ.

ಯೋಚನೆ ಹೊಸದೇನಲ್ಲ. 1985ರಲ್ಲಿ ಜಪಾನಿನ ಸೆಗಾ ಕಂಪನಿ ‘ಹ್ಯಾಂಗ್-ಆನ್’ ಎಂಬ ಆರ್ಕೇಡ್ ಆಟವನ್ನು ಹೊರತಂದಿತು. ಯು ಸುಜುಕಿ ರೂಪಿಸಿದ ಆ ಆಟದ ದೊಡ್ಡ ಯಂತ್ರದಲ್ಲಿ ಬೈಕಿನ ಆಕಾರದ ಆಸನವನ್ನೇರಿ, ಇಡೀ ಮೈಭಾರ ಹಾಕಿ ಅದನ್ನು ಎಡಕ್ಕೂ ಬಲಕ್ಕೂ ಬಗ್ಗಿಸಿ ಓಡಿಸಬೇಕಿತ್ತು. ಇಂದು ಬೆಂಗಳೂರಿನ ಮಾಲ್‌ಗಳಲ್ಲಿ ಮಕ್ಕಳು ಹತ್ತಿ ಇಳಿಯಲೊಲ್ಲದ ಬೈಕ್ ಯಂತ್ರಗಳು ಅದೇ ವಂಶದವು. ಆದರೆ ಅಂಥದ್ದನ್ನು ಮನೆಯ ಹಜಾರದಲ್ಲಿ ಇಡುವವರು ಯಾರು? ನಿಂಟೆಂಡೊ ಕಂಪನಿ 2006ರ ನವೆಂಬರ್‌ನಲ್ಲಿ ‘ವೀ’ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಟಿ.ವಿ.ಗೆ ಜೋಡಿಸಿ, ಕೈಯಲ್ಲಿ ಹಿಡಿದ ರಿಮೋಟನ್ನು ಅಲುಗಿಸಿ ಆಡುವ ಗೇಮ್ ಯಂತ್ರ ಅದು. 2008ರ ಏಪ್ರಿಲ್‌ನಲ್ಲಿ ಅದಕ್ಕೆ ‘ಮಾರಿಯೋ ಕಾರ್ಟ್ ವೀ’ ಎಂಬ ರೇಸಿಂಗ್ ಗೇಮ್ ಬಂದಾಗ ಡಬ್ಬಿಯೊಳಗೆ ಒಂದು ಬಿಳಿ ಪ್ಲಾಸ್ಟಿಕ್ ಸ್ಟೀರಿಂಗ್ ಚಕ್ರವೂ ಇತ್ತು. ಆ ಚಕ್ರದಲ್ಲಿ ತಂತಿಯಿಲ್ಲ, ಚಿಪ್ ಇಲ್ಲ, ಬ್ಯಾಟರಿಯಿಲ್ಲ. ರಿಮೋಟನ್ನು ಕೂರಿಸಲು ನಡುವೆ ಒಂದು ಗೂಡು, ರಿಮೋಟಿನ ಕೆಳಗುಂಡಿಯನ್ನು ಒತ್ತಲು ಹಿಂಬದಿಯಲ್ಲಿ ಇನ್ನೊಂದು ಗುಂಡಿ, ಅಷ್ಟೆ. ಆಟದ ಪ್ರತಿಗಳು 3.7 ಕೋಟಿಗೂ ಮಿಗಿಲಾಗಿ ಮಾರಾಟವಾದವು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡಿನ ಭಾಗಗಳನ್ನು ಎಣಿಸಿ ದಾಖಲೆ ಮಾಡುವ ಆಟಗಾರರು ಸಾಮಾನ್ಯವಾಗಿ ಚಕ್ರವನ್ನು ಮುಟ್ಟುವುದಿಲ್ಲ. ಹೆಬ್ಬೆರಳಿನಲ್ಲಿ ಆಡಿಸುವ ಸ್ಟಿಕ್ ಹೆಚ್ಚು ನಿಖರ. ಗೆಲ್ಲುವುದೊಂದೇ ಗುರಿಯಾದರೆ ನೀವೂ ಅದನ್ನೇ ಹಿಡಿಯಿರಿ. ಈ ಲೇಖನ ಆಟವನ್ನು ಮೈಯಿಂದ ಅನುಭವಿಸಬೇಕು ಎನ್ನುವವರಿಗೆ. ನಿಮ್ಮಲ್ಲಿ ಹಳೆಯ ವೀ ಇರಲಿ, ಅದೇ ಕಂಪನಿಯ ಮುಂದಿನ ಗೇಮ್ ಯಂತ್ರವಾದ ನಿಂಟೆಂಡೊ ಸ್ವಿಚ್ ಇರಲಿ, ಬರೀ ಮೊಬೈಲ್ ಇರಲಿ, ಕ್ರಮ ಹೆಚ್ಚುಕಡಿಮೆ ಒಂದೇ.

ಮೊದಲ ಹೆಜ್ಜೆ: ಚಕ್ರವನ್ನು ನೆಟ್ಟಗೆ ಹಿಡಿಯಿರಿ

ಹೊಸಬರು ಎಡವುವುದು ಇಲ್ಲೇ. ನಮ್ಮ ಸರ್ಕಾರಿ ಬಸ್ಸುಗಳ ಸ್ಟೀರಿಂಗ್ ಹೇಗಿರುತ್ತದೆ? ಅಗಲವಾಗಿ, ಊಟದ ತಟ್ಟೆಯನ್ನು ಮುಂದಿಟ್ಟ ಹಾಗೆ, ಹೆಚ್ಚುಕಡಿಮೆ ಮಟ್ಟಸವಾಗಿ. ಗೇಮಿನ ಚಕ್ರವನ್ನು ಹಾಗೆ ಮಲಗಿಸಿ ಹಿಡಿದು ತಿರುಗಿಸಿದರೆ ಗಾಡಿ ನೇರವಾಗಿ ಹೋಗಿ ಬೇಲಿಗೆ ಬಡಿಯುತ್ತದೆ. ರಿಮೋಟ್ ಕೆಟ್ಟಿದೆ ಎಂದು ಅದನ್ನು ಅಂಗೈಗೆ ತಟ್ಟುವ ಮೊದಲು ಒಳಗೇನು ನಡೆಯುತ್ತಿದೆ ಎಂದು ತಿಳಿಯುವುದು ಒಳ್ಳೆಯದು.

ರಿಮೋಟಿನಲ್ಲೂ ನಿಮ್ಮ ಮೊಬೈಲಿನಲ್ಲೂ ಆಕ್ಸೆಲೆರೊಮೀಟರ್ ಎಂಬ ಪುಟ್ಟ ಚಿಪ್ ಇರುತ್ತದೆ. ಅದರೊಳಗೆ ಸಿಲಿಕಾನಿನ ಒಂದು ಸೂಕ್ಷ್ಮ ತುಣುಕು ಸಿಲಿಕಾನಿನದೇ ಸ್ಪ್ರಿಂಗುಗಳಿಗೆ ಜೋತುಬಿದ್ದಿರುತ್ತದೆ. ಚಿಪ್ ಓರೆಯಾದಾಗ ಭೂಮಿಯ ಸೆಳೆತಕ್ಕೆ ಆ ತುಣುಕು ಕೂದಲೆಳೆಗಿಂತಲೂ ಕಡಿಮೆ ಸರಿಯುತ್ತದೆ. ಸರಿದಷ್ಟೂ ಪಕ್ಕದ ಫಲಕಗಳ ನಡುವಿನ ವಿದ್ಯುತ್ ಧಾರಣೆ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ, ಬದಲಾಗುತ್ತದೆ. ಯಂತ್ರ ಓದುವುದು ಇದನ್ನೇ. ಅಂದರೆ ಅದಕ್ಕೆ ತಿಳಿಯುವುದು ನಿಮ್ಮ ಕೈ ತಿರುಗಿದ್ದಲ್ಲ, ನೆಲ ಯಾವ ದಿಕ್ಕಿಗಿದೆ ಎಂಬುದು ಮಾತ್ರ. ಚಕ್ರವನ್ನು ಮಲಗಿಸಿ ಎಷ್ಟು ಸುತ್ತಿದರೂ ನೆಲ ಕೆಳಗೇ ಇರುತ್ತದೆ, ಹಾಗಾಗಿ ಯಂತ್ರದ ಪಾಲಿಗೆ ಏನೂ ಆಗಿಲ್ಲ. ಎದೆಯ ಮುಂದೆ ಕನ್ನಡಿಯಂತೆ ನಿಲ್ಲಿಸಿ ತಿರುಗಿಸಿದರೆ ಒಂದು ತುದಿ ನೆಲದತ್ತ ಇಳಿಯುತ್ತದೆ. ಆಗ ಲೆಕ್ಕ ಸಿಗುತ್ತದೆ. ಸ್ವಿಚ್‌ನ ಜಾಯ್-ಕಾನ್ ಎಂಬ ಪುಟ್ಟ ಕಂಟ್ರೋಲರ್‌ಗಳಲ್ಲೂ ಇಂದಿನ ಹಲವು ಮೊಬೈಲ್‌ಗಳಲ್ಲೂ ತಿರುಗುವಿಕೆಯನ್ನೇ ಅಳೆಯುವ ಗೈರೊಸ್ಕೋಪ್ ಕೂಡ ಇದೆ. ಆದರೂ ನೆಟ್ಟಗೆ ಹಿಡಿಯುವ ಅಭ್ಯಾಸ ಎಲ್ಲೆಡೆ ನಡೆಯುತ್ತದೆ, ಅದನ್ನೇ ರೂಢಿಸಿಕೊಳ್ಳಿ.

ಇದರಿಂದ ಇನ್ನೆರಡು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಹಾಸಿಗೆಯಲ್ಲಿ ಅಂಗಾತ ಮಲಗಿ, ಮೊಬೈಲನ್ನು ಮುಖದ ಮೇಲೆ ಮಟ್ಟಸವಾಗಿ ಹಿಡಿದರೆ ಆಟ ಕೈಕೊಡುತ್ತದೆ. ಚಲಿಸುವ ವಾಹನದಲ್ಲಿ ಆಡಿದರೂ ಅಷ್ಟೆ: ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಕುಳಿತು ಆಡಿ ನೋಡಿ, ಪ್ರತಿ ತಿರುವಿನಲ್ಲೂ ಬಸ್ಸಿನ ನೂಕು ಆ ಸಿಲಿಕಾನ್ ತುಣುಕಿಗೂ ತಗಲಿ, ನಿಮ್ಮ ಗಾಡಿಯನ್ನು ಅರ್ಧ ನೀವು, ಅರ್ಧ ಬಸ್ಸಿನ ಚಾಲಕರು ಓಡಿಸಿದಂತಾಗುತ್ತದೆ.

ಎರಡನೆಯದು: ಸೋಫಾ ಬಿಟ್ಟೇಳಿ

ಸೋಫಾ ಈ ಆಟದ ಶತ್ರು. ಅದರಲ್ಲಿ ಹೂತು ಕುಳಿತವರ ಸೊಂಟ ಆಡುವುದಿಲ್ಲ, ಬರೀ ಮಣಿಕಟ್ಟು ಆಡುತ್ತದೆ, ಹತ್ತು ನಿಮಿಷಕ್ಕೆ ನೋಯುತ್ತದೆ. ಕೈಗಳಿಲ್ಲದ ಕುರ್ಚಿ ಅಥವಾ ಸ್ಟೂಲಿನ ಮೇಲೆ, ಎರಡೂ ಪಾದ ನೆಲಕ್ಕೆ ಊರಿ, ತುಸು ಮುಂದೆ ಬಂದು ಕುಳಿತುಕೊಳ್ಳಿ. ಮೊಣಕೈಗಳು ಪಕ್ಕೆಗೆ ಹತ್ತಿರವಿರಲಿ. ದಣಿವಾದರೆ ತೊಡೆಯ ಮೇಲಿಡಿ. ತೋಳುಗಳನ್ನು ಗಾಳಿಯಲ್ಲಿ ಚಾಚಿ ಹಿಡಿಯುವುದು ಫೋಟೊಗೆ ಚೆಂದ, ಭುಜಕ್ಕೆ ಅಲ್ಲ. ನಿಂತೂ ಆಡಬಹುದು, ಮಕ್ಕಳಿಗೆ ಅದೇ ಇಷ್ಟ. ಆದರೆ ನಿಂತವರು ಪ್ರತಿ ತಿರುವಿಗೂ ಒಂದೊಂದು ಹೆಜ್ಜೆ ಸರಿಯುತ್ತಾ ಹೋಗಿ ಟಿ.ವಿ.ಯ ಮುಂದೆಯೇ ಬಂದು ನಿಲ್ಲುತ್ತಾರೆ. ಹಿಂದಿರುವವರು ಕೂಗಿಕೊಳ್ಳುವುದು ಆಗಲೇ.

ರಿಮೋಟಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ ಎಂಬ ಎಚ್ಚರಿಕೆಯನ್ನು ಉದಾಸೀನ ಮಾಡಬೇಡಿ. ವೀ ಬಂದ ಮರುತಿಂಗಳೇ ದಾರಗಳು ಕಿತ್ತು ರಿಮೋಟುಗಳು ಹಾರಿದ ದೂರುಗಳು ಬಂದು, ನಿಂಟೆಂಡೊ ಸುಮಾರು 32 ಲಕ್ಷ ದಾರಗಳ ಬದಲಿಗೆ ದಪ್ಪನೆಯವನ್ನು ಕೊಡಲು ಮುಂದಾಯಿತು. ರೇಸಿಂಗ್‌ನಲ್ಲಿ ಎರಡೂ ಕೈಗಳು ಚಕ್ರದ ಮೇಲಿರುವುದರಿಂದ ಅಪಾಯ ಕಡಿಮೆ. ಅಕ್ಕಪಕ್ಕ ಕುಳಿತವರ ನಡುವೆ ಒಂದು ತೋಳಿನ ಅಂತರ ಸಾಕು.

ಮೂರನೆಯದು: ಸೆಟ್ಟಿಂಗ್‌ನಲ್ಲಿ ಕಣ್ಣಿಡಿ

ವೀಯಲ್ಲಿ ಹೆಚ್ಚೇನೂ ಇಲ್ಲ. ಚಕ್ರಕ್ಕೆ ರಿಮೋಟ್ ಕೂರಿಸಿ, ಗಾಡಿಯನ್ನು ಆರಿಸಿ, ಡ್ರಿಫ್ಟ್ (ತಿರುವಿನಲ್ಲಿ ಗಾಡಿಯನ್ನು ಜಾರಿಸುವುದು) ‘ಆಟೊಮ್ಯಾಟಿಕ್’ ಬೇಕೋ ‘ಮ್ಯಾನ್ಯುಯಲ್’ ಬೇಕೋ ಹೇಳಿದರೆ ಮುಗಿಯಿತು. 2017ರಲ್ಲಿ ಸ್ವಿಚ್‌ಗೆ ಬಂದ ‘ಮಾರಿಯೋ ಕಾರ್ಟ್ 8 ಡಿಲಕ್ಸ್’ನಲ್ಲಿ ಗಾಡಿ ಆರಿಸುವ ಪರದೆಯಲ್ಲಿ ಪ್ಲಸ್ ಗುಂಡಿಯನ್ನು ಒತ್ತಿ. ಮೂರು ಆಯ್ಕೆಗಳು ಕಾಣುತ್ತವೆ: ಓರೆ ಮಾಡಿ ತಿರುಗಿಸುವುದು, ತಾನಾಗಿಯೇ ವೇಗ ಹಿಡಿಯುವುದು ಮತ್ತು ಸ್ಮಾರ್ಟ್ ಸ್ಟೀರಿಂಗ್. ಮೊದಲನೆಯದು ನಮಗೆ ಬೇಕೇ ಬೇಕು. ಸ್ಮಾರ್ಟ್ ಸ್ಟೀರಿಂಗ್ ಗಾಡಿಯನ್ನು ರಸ್ತೆ ಬಿಟ್ಟು ಬೀಳದಂತೆ ಕಾಯುತ್ತದೆ. ಅದು ಚಾಲೂ ಇದ್ದರೆ ಗಾಡಿಯ ಹಿಂದೆ ಸಣ್ಣ ಆಂಟೆನಾ ಕಾಣಿಸುತ್ತದೆ. ನಾಲ್ಕು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಇದನ್ನು ಧಾರಾಳವಾಗಿ ಹಾಕಿಕೊಡಿ. ನಿಮಗೆ ಬೇಡ. ಬೀಳುವ ಭಯವಿಲ್ಲದ ರಸ್ತೆಯಲ್ಲಿ ಮೈ ಸುಮ್ಮನಾಗಿಬಿಡುತ್ತದೆ. ಮೇಲಾಗಿ ಕೆಲವು ಅಡ್ಡದಾರಿಗಳೂ ಡ್ರಿಫ್ಟ್‌ನ ಅತಿ ದೊಡ್ಡ ಬಹುಮಾನವೂ ಅದಿದ್ದರೆ ದಕ್ಕುವುದಿಲ್ಲ.

ಮೊಬೈಲಿನಲ್ಲಿ ಆಡುವವರು ನಿಯಂತ್ರಣದ ಸೆಟ್ಟಿಂಗ್‌ನಲ್ಲಿ ‘ಟಿಲ್ಟ್’ ಆರಿಸಬೇಕು. 2008ರಲ್ಲಿ ಆಪಲ್‌ನ ಆಪ್ ಸ್ಟೋರ್ ತೆರೆದಾಗಲೇ ಇಂಥ ಆಟಗಳು ಅಲ್ಲಿದ್ದವು. 2013ರ ‘ಆಸ್ಫಾಲ್ಟ್ 8’ ಈ ಬಗೆಯನ್ನು ಮನೆಮಾತಾಗಿಸಿದ ಆಟಗಳಲ್ಲೊಂದು. ಸಂವೇದನೆಯ (ಸೆನ್ಸಿಟಿವಿಟಿ) ಪಟ್ಟಿ ಇದ್ದರೆ ನಡುವಿಗಿಂತ ಸ್ವಲ್ಪ ಕಡಿಮೆ ಇಡಿ. ಕಾರಣ ಸರಳ: ಮೊಬೈಲಿನಲ್ಲಿ ಚಕ್ರವೂ ಪರದೆಯೂ ಒಂದೇ. ನೀವು ಹೆಚ್ಚು ತಿರುಗಿಸಿದಷ್ಟೂ ನೋಡಬೇಕಾದ ರಸ್ತೆಯೇ ಓರೆಯಾಗುತ್ತದೆ, ಅಂಚಿನ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಸಮತೋಲನ ಸರಿಪಡಿಸುವ (ಕ್ಯಾಲಿಬ್ರೇಟ್) ಆಯ್ಕೆ ಇದ್ದರೆ, ನೀವು ನಿಜಕ್ಕೂ ಆಡುವ ಭಂಗಿಯಲ್ಲೇ ಕುಳಿತು ಅದನ್ನು ಒತ್ತಿ. ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಅದಕ್ಕೆ ಬಿಗಿದರೆ ಮನೆಯಲ್ಲೇ ಚಕ್ರ ತಯಾರು. ರಟ್ಟು ಮೊಬೈಲಿಗಿಂತ ಎರಡು ಬೆರಳಷ್ಟೇ ಅಗಲವಿರಲಿ, ಇಲ್ಲವಾದರೆ ಬ್ರೇಕಿಗೆ ಹೆಬ್ಬೆರಳು ಎಟುಕುವುದಿಲ್ಲ.

ರಟ್ಟಿನ ತುಂಡಿನಿಂದ ಏನು ವ್ಯತ್ಯಾಸ ಎನ್ನಬಹುದು. ಬಹಳ ಇದೆ. 2010ರಲ್ಲಿ ಆಡುವವರ ಮೈಚಲನೆಯನ್ನೇ ಗುರುತಿಸುವ ಮೈಕ್ರೊಸಾಫ್ಟ್‌ನ ಕಿನೆಕ್ಟ್ ಕ್ಯಾಮೆರಾ ಜೊತೆ ‘ಕಿನೆಕ್ಟ್ ಜಾಯ್ ರೈಡ್’ ಎಂಬ ಆಟ ಬಂತು. ಅದರಲ್ಲಿ ಕೈಯಲ್ಲಿ ಏನೂ ಇಲ್ಲ. ಇಲ್ಲದ ಚಕ್ರವನ್ನು ಗಾಳಿಯಲ್ಲಿ ಹಿಡಿದಂತೆ ನಟಿಸಬೇಕು. ತಂತ್ರಜ್ಞಾನವಾಗಿ ಅದು ವೀಯ ಪ್ಲಾಸ್ಟಿಕ್‌ಗಿಂತ ಎಷ್ಟೋ ಮುಂದೆ. ನನ್ನ ಅಭಿಪ್ರಾಯದಲ್ಲಿ ಆಟವಾಗಿ ಹಿಂದೆ. ಮುಷ್ಟಿಗೆ ಹಿಡಿಯಲು ಏನಾದರೂ ಬೇಕು. ಅದು ಬುದ್ಧಿಯಿಲ್ಲದ ವಸ್ತುವಾದರೂ ಸರಿಯೇ.

ನಾಲ್ಕನೆಯದು: ಕಡಿಮೆ ತಿರುಗಿಸಿ, ಬೇಗ ವಾಪಸ್ ತನ್ನಿ

ಮೊದಲ ರೇಸಿಗೆ ಎಲ್ಲಕ್ಕಿಂತ ನಿಧಾನವಾದ 50 ಸಿ.ಸಿ. ದರ್ಜೆ ಸಾಕು. ವೀಯಲ್ಲಿ ‘ಲುಯಿಜಿ ಸರ್ಕ್ಯೂಟ್’, ಡಿಲಕ್ಸ್‌ನಲ್ಲಿ ದನಗಳು ಅಡ್ಡಾಡುವ ‘ಮೂ ಮೂ ಮೆಡೋಸ್’ ಒಳ್ಳೆಯ ಕಲಿಕೆಯ ರಸ್ತೆಗಳು. ಒಂದಿಡೀ ಸುತ್ತನ್ನು ಡ್ರಿಫ್ಟ್ ಇಲ್ಲದೆ, ಬರೀ ಸಣ್ಣ ಕೋನಗಳಲ್ಲಿ ಓಡಿಸಿ.

ಸಿನಿಮಾದಲ್ಲಿ ಕಂಡಂತೆ ಚಕ್ರವನ್ನು ಗಿರಗಿರನೆ ಸುತ್ತುವ ಆಸೆಯಾಗುತ್ತದೆ. ಲೆಕ್ಕ ಅದಕ್ಕೆ ವಿರುದ್ಧ. ಓರೆಯಾದಾಗ ಚಿಪ್‌ಗೆ ಸಿಗುವ ಸೆಳೆತ ಕೋನದ ಸೈನ್‌ಗೆ ಅನುಗುಣ: 30 ಡಿಗ್ರಿಗೇ ಅರ್ಧ ಸಿಕ್ಕಿಬಿಡುತ್ತದೆ; 60ರಿಂದ 90ಕ್ಕೆ ಹೋಗುವಾಗ ಕೂಡುವುದು ಶೇ 13ರಷ್ಟು ಮಾತ್ರ. ಪೂರ್ತಿ ಅಡ್ಡ ತಿರುಗಿಸಿದವರು ಗಳಿಸುವುದು ಅಲ್ಪ, ಕಳೆದುಕೊಳ್ಳುವುದು ವಾಪಸ್ ನೇರಕ್ಕೆ ಬರುವ ಸಮಯ. ತಿರುವು ಇನ್ನೂ ಮುಗಿಯುತ್ತಿರುವಾಗಲೇ ಚಕ್ರ ನೇರವಾಗತೊಡಗಿರಬೇಕು. ಸ್ಟಿಕ್ ಆದರೆ ಬೆರಳು ಬಿಟ್ಟ ಕೂಡಲೇ ತಾನೇ ನಡುವಿಗೆ ಬರುತ್ತದೆ. ಇಲ್ಲಿ ಆ ಸ್ಪ್ರಿಂಗ್ ನೀವೇ. ಕೈ ಇದನ್ನು ಕಲಿಯಲು ತಡ ಮಾಡುತ್ತದೆ, ಸೊಂಟ ಬೇಗ ಕಲಿಯುತ್ತದೆ. ಆದ್ದರಿಂದ ಕೈಯನ್ನೊಂದೇ ತಿರುಗಿಸಬೇಡಿ, ಭುಜ ಸಮೇತ ವಾಲಿ. ಮೈ ನೆಟ್ಟಗಾಗುವಾಗ ಚಕ್ರವೂ ನೆಟ್ಟಗಾಗುತ್ತದೆ.

ಇದು ಒಗ್ಗಿದ ಮೇಲೆ ಡ್ರಿಫ್ಟ್ ಅನ್ನು ಮ್ಯಾನ್ಯುಯಲ್‌ಗೆ ಬದಲಿಸಿ. ತಿರುವಿಗೆ ಮುನ್ನ ಡ್ರಿಫ್ಟ್ ಗುಂಡಿ ಒತ್ತಿ ಹಿಡಿದು ವಾಲಿದರೆ ಗಾಡಿ ಪುಟ್ಟದಾಗಿ ಕುಪ್ಪಳಿಸಿ ಹಿಂಬದಿಯನ್ನು ಹೊರಕ್ಕೆ ಎಸೆದು ಜಾರುತ್ತದೆ. ಗಾಡಿಯ ಗಾಲಿಗಳ ಬಳಿ ನೀಲಿ ಕಿಡಿ ಕಂಡಾಗ ಗುಂಡಿ ಬಿಟ್ಟರೆ ಸಣ್ಣ ನೂಕು, ಕಿತ್ತಳೆ ಬಣ್ಣಕ್ಕೆ ಕಾದರೆ ದೊಡ್ಡದು, ಡಿಲಕ್ಸ್‌ನಲ್ಲಿ ಗುಲಾಬಿಯವರೆಗೂ ತಡೆದರೆ ಇನ್ನೂ ದೊಡ್ಡದು. ಗುಲಾಬಿಗೆ ಆಸೆಪಟ್ಟು ಅತಿಯಾಗಿ ವಾಲಿದವರು ಹುಲ್ಲಿಗೆ ಇಳಿಯುತ್ತಾರೆ.

ಐದನೆಯದು: ಕುಲುಕಿ

ಇಡೀ ಆಟದ ಅತಿ ಸುಖದ ಗಳಿಗೆ ಇದು. ಮಾರಿಯೋ ಕಾರ್ಟ್ ವೀಯಲ್ಲಿ ಇಳಿಜಾರಿನ ತುದಿಯಿಂದ ಗಾಡಿ ನೆಗೆಯುವ ಕ್ಷಣಕ್ಕೆ ಸರಿಯಾಗಿ ಚಕ್ರವನ್ನು ಕುಲುಕಿದರೆ ಚಾಲಕ ಗಾಳಿಯಲ್ಲಿ ಒಂದು ಲಾಗ ಹಾಕುತ್ತಾನೆ. ನೆಲ ಮುಟ್ಟಿದಾಗ ವೇಗ ಏರುತ್ತದೆ. ಬೈಕ್ ಆರಿಸಿದ್ದರೆ ನೇರ ರಸ್ತೆಯಲ್ಲಿ ಕೈಯಲ್ಲಿರುವ ಚಕ್ರವನ್ನು ಮೇಲಕ್ಕೆ ಚಿಮ್ಮಿಸಿ ವೀಲಿಂಗ್ ಮಾಡಬಹುದು. ನಮ್ಮ ವರ್ತುಲ ರಸ್ತೆಗಳಲ್ಲಿ ಪೊಲೀಸರು ಹಿಡಿಯುವ ಅದೇ ವೀಲಿಂಗ್, ಇಲ್ಲಿ ಕಾನೂನುಬದ್ಧ. ವೇಗ ಹೆಚ್ಚುತ್ತದೆ, ತಿರುಗಿಸುವ ಹಿಡಿತ ತಪ್ಪುತ್ತದೆ, ಯಾರಾದರೂ ಗುದ್ದಿದರೆ ದಂಡವೂ ತೆರಬೇಕಾಗುತ್ತದೆ. ಕುಲುಕಲು ಬಲ ಬೇಡ, ಹೊತ್ತು ಮುಖ್ಯ. ಮೊದಮೊದಲು ಎಲ್ಲರೂ ಭಯದಿಂದ ಹೊತ್ತಿಗೆ ಮುಂಚೆಯೇ ಕುಲುಕುತ್ತಾರೆ.

ತಲೆ ಸುತ್ತಿದಂತಾದರೆ ನಿಲ್ಲಿಸಿ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಒಳಕಿವಿ ಇಲ್ಲ ಎನ್ನುತ್ತದೆ. ಆ ಜಗಳದ ಫಲ ಅದು. ಕೋಣೆಯ ದೀಪ ಹಾಕಿ, ಟಿ.ವಿ.ಯಿಂದ ತುಸು ಹಿಂದೆ ಸರಿದು ಕುಳಿತರೆ ಹಲವರಿಗೆ ಕಡಿಮೆಯಾಗುತ್ತದೆ.

ರಸ್ತೆಗಳೆಲ್ಲ ಬಾಯಿಪಾಠವಾದ ಮೇಲೆ ‘ಮಿರರ್’ ದರ್ಜೆಗೆ ಹೋಗಿ. ಅಲ್ಲಿ ಅವೇ ರಸ್ತೆಗಳು ಎಡಬಲ ಅದಲುಬದಲಾಗಿರುತ್ತವೆ. ಕಣ್ಣು ಎಡಕ್ಕೆ ಎನ್ನುವಷ್ಟರಲ್ಲಿ ಮೈ ಹಳೆಯ ಅಭ್ಯಾಸಕ್ಕೆ ಬಲಕ್ಕೆ ವಾಲಿಬಿಟ್ಟಿರುತ್ತದೆ. ನಾಲ್ವರು ಒಟ್ಟಿಗೆ ಕುಳಿತು, ಪರದೆಯನ್ನು ನಾಲ್ಕು ಭಾಗ ಮಾಡಿಕೊಂಡು ಇದನ್ನು ಆಡಿ. ಮೊದಲ ತಿರುವಿನಲ್ಲೇ ಯಾರು ಯಾರ ಮೇಲೆ ಬೀಳುತ್ತಾರೆ ಎಂದು ಹೇಳಲಾಗದು.