ಗೋಬರ್ ಗ್ಯಾಸಿನ ಲೆಕ್ಕವನ್ನು ಕೊಟ್ಟಿಗೆಯಿಂದ ಹಿಡಿದದ್ದು: ಶಿರಸಿ ಸೀಮೆಯ ಅಧ್ಯಯನದ ನನ್ನ ಅನುಭವ

ನಿರ್ವಹಣಾಶಾಸ್ತ್ರದ ಅಧ್ಯಾಪಕನಾದ ನಾನು ಸಂಶೋಧನೆಗೆ ಆರಿಸಿಕೊಂಡದ್ದು ಉತ್ತರ ಕನ್ನಡದ ಶಿರಸಿ ಮತ್ತು ಸಿದ್ದಾಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರರ ಮನೆಗಳಲ್ಲಿರುವ ಗೋಬರ್ ಗ್ಯಾಸ್ ಸ್ಥಾವರಗಳನ್ನು. ದೇಶದ ಅನೇಕ ಕಡೆ ಸಹಾಯಧನ ಬಂದಾಗ ಕಟ್ಟಿ, ಕೆಲವೇ ವರ್ಷಗಳಲ್ಲಿ ಪಾಳುಬಿಟ್ಟ ಸ್ಥಾವರಗಳು ಸಿಗುತ್ತವೆ. ಆದರೆ ಶಿರಸಿ ತಾಲ್ಲೂಕಿನ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪಾಲ್ಗೊಂಡು 2001ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಕಟ್ಟಿದ ಸ್ಥಾವರಗಳು ಕೆಲಸ ಮಾಡುತ್ತಲೇ ಇವೆ ಎಂದು ತೋರಿಸಿತ್ತು. ಒಂದೇ ವಿನ್ಯಾಸ, ಒಂದೇ ಇಟ್ಟಿಗೆ, ಸಿಮೆಂಟು. ಆದರೂ ಒಂದು ಸೀಮೆಯಲ್ಲಿ ಅದು ದಶಕಗಟ್ಟಲೆ ನಡೆಯುತ್ತದೆ, ಇನ್ನೊಂದರಲ್ಲಿ ನಿಂತುಹೋಗುತ್ತದೆ ಎಂದಾದರೆ ಕಾರಣವನ್ನು ಸಗಣಿ ಕೊಳೆತು ಅನಿಲ ಕೂಡುವ ಗುಮ್ಮಟದೊಳಗಿನ ಸೂಕ್ಷ್ಮಾಣುಗಳಲ್ಲಿ ಮಾತ್ರ ಹುಡುಕಿದರೆ ಸಾಲದು, ಅದನ್ನು ನಡೆಸುವ ಮನೆಯ ದಿನಚರಿಯಲ್ಲಿಯೂ ಹುಡುಕಬೇಕು ಎಂಬುದು ನನ್ನ ಆರಂಭದ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಆಧಾರವಾಗಿ ನನ್ನೆದುರು ಇದ್ದದ್ದು ಪುರ ಗ್ರಾಮದ ಪ್ರಯೋಗ. ಅಮೂಲ್ಯ ಕುಮಾರ್ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ತಂಡವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಆ ಹಳ್ಳಿಯಲ್ಲಿ ಸಾಮೂಹಿಕ ಸ್ಥಾವರವನ್ನು ಮೊದಲು ಅಡುಗೆಗಾಗಿ ರೂಪಿಸಿತ್ತು. ಊರಿನ ಸಗಣಿ ಎಲ್ಲ ಒಲೆಗಳಿಗೂ ಸಾಲದೆಹೋದಾಗ ಅದೇ ಅನಿಲದಿಂದ ಎಂಜಿನ್ ನಡೆಸಿ, 1987ರಿಂದ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸುವ ದಾರಿ ಹಿಡಿಯಿತು. ಸಗಣಿ ತಂದುಕೊಟ್ಟ ಮನೆಗಳಿಗೆ ತೂಕದ ಲೆಕ್ಕದಲ್ಲಿ ಹಣ ಸಿಗುತ್ತಿತ್ತು. ಅದಕ್ಕೆ ತಕ್ಕ ಪಾಲು ಬಗ್ಗಡವೂ, ಅಂದರೆ ಅನಿಲ ಬಂದ ಮೇಲೆ ಉಳಿಯುವ ಸಗಣಿಯ ರಾಡಿಯೂ, ಮರಳುತ್ತಿತ್ತು. ರೈತನ ಕಣ್ಣಿನಲ್ಲಿ ಸಗಣಿ ಎಂದರೆ ಮೊದಲು ಗೊಬ್ಬರ, ಆಮೇಲೆ ಇಂಧನ ಎಂಬುದನ್ನು ಆ ವ್ಯವಸ್ಥೆ ಒಪ್ಪಿಕೊಂಡಿತ್ತು. ನನ್ನ ಅಧ್ಯಯನದ ಉದ್ದಕ್ಕೂ ಈ ಮಾತು ಮತ್ತೆ ಮತ್ತೆ ನಿಜವೆಂದು ಕಂಡಿದೆ.

ಪುಸ್ತಕದ ಲೆಕ್ಕ ಸರಳವಾದದ್ದು. ಒಂದು ಕೆ.ಜಿ. ಹಸಿ ಸಗಣಿಯಿಂದ ಸುಮಾರು 0.04 ಘನ ಮೀಟರ್ ಅನಿಲ ದೊರೆಯುತ್ತದೆ. ಆದ್ದರಿಂದ ದಿನಕ್ಕೆ 2 ಘನ ಮೀಟರ್ ಸಾಮರ್ಥ್ಯದ ಸ್ಥಾವರಕ್ಕೆ 50 ಕೆ.ಜಿ. ಸಗಣಿ ಬೇಕು. ದನ ಒಂದಕ್ಕೆ ದಿನಕ್ಕೆ 10 ಕೆ.ಜಿ. ಎಂಬ ರೂಢಿಯ ಅಂದಾಜನ್ನು ಹಿಡಿದರೆ ಐದು ದನ ಇರುವ ಮನೆಗೆ ಈ ಸ್ಥಾವರ ಸೂಕ್ತವೆಂದು ಅರ್ಜಿಯಲ್ಲಿ ಬರೆಯಲಾಗುತ್ತದೆ. ನಾನು ಮಾಡಿದ ಮೊದಲ ಕೆಲಸವೆಂದರೆ ಈ ಅಂದಾಜನ್ನು ಪಕ್ಕಕ್ಕಿಟ್ಟು, ಸ್ಪ್ರಿಂಗ್ ತಕ್ಕಡಿಯನ್ನು ಕೊಟ್ಟಿಗೆಯ ತೊಲೆಗೆ ತೂಗುಹಾಕಿ, ಬೆಳಿಗ್ಗೆ ಬುಟ್ಟಿಗೆ ತುಂಬಿದ ಸಗಣಿಯನ್ನು ತೂಗುವುದು. ಮಲೆನಾಡು ಗಿಡ್ಡ ತಳಿಯ ಆಕಳು ನೂರು ಕೆ.ಜಿ.ಯ ಆಸುಪಾಸಿನ ಚಿಕ್ಕ ದೇಹದ ಪ್ರಾಣಿ. ಅದರಿಂದ 10 ಕೆ.ಜಿ. ನಿರೀಕ್ಷಿಸಲು ಬರುವುದಿಲ್ಲ. ಮಿಶ್ರತಳಿಯ ಜರ್ಸಿ ಆಕಳಿದ್ದರೆ ತೂಕ ಅಂದಾಜನ್ನು ಮೀರಿಯೂ ಹೋಗಬಹುದು. ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಮೇಯಲು ಬಿಡುವ ಪದ್ಧತಿಯಿಂದ. ಹಗಲೆಲ್ಲ ಬೆಟ್ಟದಲ್ಲಿ ಮೇಯುವ ದನದ ಸಗಣಿಯಲ್ಲಿ ಒಂದು ದೊಡ್ಡ ಪಾಲು ಬೆಟ್ಟದಲ್ಲೇ ಉಳಿಯುತ್ತದೆ. "ಹಗಲು ಅಲ್ಲಿ ಬಿದ್ದದ್ದನ್ನು ಹೆಕ್ಕಿ ತರುವವರು ಯಾರು, ತಮ್ಮಾ?" ಎಂದು ಹಿರಿಯ ಗೃಹಿಣಿಯೊಬ್ಬರು ನನ್ನ ಪ್ರಶ್ನಾವಳಿಯ ಮೊದಲ ಪ್ರಶ್ನೆಗೆ ಉತ್ತರವಾಗಿ ಕೇಳಿದರು. ಆ ದಿನದಿಂದ 'ದನಗಳೆಷ್ಟು' ಎಂಬ ಕಲಮಿನ ಪಕ್ಕದಲ್ಲಿ 'ಹಗಲು ಕಟ್ಟಿಹಾಕುವವೆಷ್ಟು, ಮೇಯಲು ಬಿಡುವವೆಷ್ಟು' ಎಂಬ ಕಲಮನ್ನು ಸೇರಿಸಿದೆ.

ಪ್ರಶ್ನೆಗೆ ಉತ್ತರಿಸುವವರು ಯಾರು ಎಂಬುದೂ ವಿಧಾನದ ಭಾಗವೇ. ಸಮೀಕ್ಷೆಯ ನಮೂನೆಗಳು ಸಾಮಾನ್ಯವಾಗಿ ಮನೆಯ ಯಜಮಾನನನ್ನು ಕೇಳುತ್ತವೆ. ಸ್ಥಾವರ ಕಟ್ಟಿಸುವ ನಿರ್ಧಾರ, ಸಾಲ, ಸಹಾಯಧನ, ಗಾರೆ ಕೆಲಸದವರ ಕೂಲಿ ಇವುಗಳನ್ನು ಅವರು ನಿಖರವಾಗಿ ಹೇಳುತ್ತಾರೆ. ಆದರೆ ಸಗಣಿ ಕಲಸುವವರು, ಒಲೆ ಹಚ್ಚುವವರು, ಜ್ವಾಲೆ ಯಾವಾಗ ಕುಗ್ಗಿತು ಎಂದು ಬಲ್ಲವರು ಬಹುಪಾಲು ಮನೆಗಳಲ್ಲಿ ಹೆಂಗಸರು. ನಾನು ಇಬ್ಬರೊಡನೆಯೂ ಬೇರೆ ಬೇರೆಯಾಗಿ ಮಾತನಾಡಿದೆ. 'ಅನಿಲ ಎಷ್ಟು ಬರುತ್ತದೆ' ಎಂದು ಕೇಳುವ ಬದಲು ಬೆಳಗಿನ ದೋಸೆ, ಚಹಾ ಮುಗಿಯುವ ತನಕ ಒಲೆ ಉರಿಯುತ್ತದೆಯೇ, ಮಧ್ಯಾಹ್ನದ ಅನ್ನಕ್ಕೆ ಮತ್ತೆ ಒತ್ತಡ ತುಂಬಿರುತ್ತದೆಯೇ, ರಾತ್ರಿ ಸಿಲಿಂಡರ್ ಹಚ್ಚಬೇಕಾಗುತ್ತದೆಯೇ ಎಂದು ಕೇಳಿದಾಗ ಸಿಕ್ಕ ಉತ್ತರಗಳು ಅನಿಲ ಅಳೆಯುವ ಮೀಟರಿನ ಓದಿಗೆ ಚೆನ್ನಾಗಿ ಹೊಂದುತ್ತಿದ್ದವು.

ನೀರಿನ ವಿಷಯದಲ್ಲಿ ನಾನು ಹೆಚ್ಚು ಕಾಲ ಕಳೆದೆ. ಮನೆಮನೆಗಳ ನಡುವಿನ ಅಂತರವನ್ನು ವಿವರಿಸಿದ್ದು ಮುಖ್ಯವಾಗಿ ನೀರೇ. ಸಗಣಿಗೆ ಸಮಪ್ರಮಾಣದ ನೀರು ಎಂಬುದು ನಿಯಮ. 50 ಕೆ.ಜಿ. ಸಗಣಿ, 50 ಲೀಟರ್ ನೀರು ಸೇರಿದರೆ ದಿನಕ್ಕೆ ಸುಮಾರು 100 ಲೀಟರ್; 40 ದಿನ ಒಳಗೆ ನಿಲ್ಲಬೇಕೆಂದಾದರೆ 4,000 ಲೀಟರಿನ ತೊಟ್ಟಿ ಬೇಕು, ವಿನ್ಯಾಸವೂ ಅದೇ ಲೆಕ್ಕದ್ದು. ಆದರೆ ಕೊಟ್ಟಿಗೆಯನ್ನು ಪೈಪಿನಿಂದ ತೊಳೆದು, ತೊಳೆದ ನೀರೆಲ್ಲ ನೇರವಾಗಿ ಒಳಹರಿವಿನ ತೊಟ್ಟಿಗೆ ಸೇರುವಂತೆ ಮಾಡಿದ ಮನೆಗಳಲ್ಲಿ 50 ಕೆ.ಜಿ. ಸಗಣಿಗೆ 100 ಲೀಟರ್ ನೀರು ಸಲೀಸಾಗಿ ಹೋಗುತ್ತದೆ. ಆಗ ದಿನದ ಹರಿವು 150 ಲೀಟರ್ ಆಗಿ, ಅದೇ ತೊಟ್ಟಿಯಲ್ಲಿ ಸಗಣಿ ನಿಲ್ಲುವ ಅವಧಿ 27 ದಿನಗಳಿಗೆ ಇಳಿಯುತ್ತದೆ. ಅರ್ಧ ಕೊಳೆತ ಸಗಣಿ ಹೊರಬೀಳುತ್ತದೆ, ಅನಿಲ ಕಡಿಮೆಯಾಗುತ್ತದೆ, ಬಗ್ಗಡಕ್ಕೆ ಹಸಿ ವಾಸನೆ ಉಳಿಯುತ್ತದೆ. ಇಂಥ ಮನೆಗಳಲ್ಲಿ 'ಸ್ಥಾವರ ಸರಿಯಿಲ್ಲ' ಎಂಬ ದೂರಿಗೆ ಗುಮ್ಮಟದ ದುರಸ್ತಿ ಪರಿಹಾರವಲ್ಲ. ತೊಳೆದ ನೀರನ್ನು ತೋಟದ ಕಡೆಗೆ ತಿರುಗಿಸುವ ಒಂದು ಸಣ್ಣ ಕಾಲುವೆ ಮತ್ತು ಅಳತೆಗೆ ಒಂದು ಗೊತ್ತಾದ ಕೊಡಪಾನ ಸಾಕಾಗುತ್ತದೆ. ಕಟ್ಟಡದ ಖರ್ಚಿನ ಮುಂದೆ ಇದರ ಖರ್ಚು ಏನೂ ಅಲ್ಲ, ಆದರೂ ಯಾವ ಯೋಜನಾ ವರದಿಯಲ್ಲಿಯೂ ನಾನು ಈ ಕಾಲುವೆಗೆ ಹಣ ಇಟ್ಟದ್ದನ್ನು ಕಾಣಲಿಲ್ಲ.

ಮಳೆಗಾಲದ ಅಳತೆ ಇನ್ನೊಂದು ಬಗೆಯ ಪಾಠ ಕೊಟ್ಟಿತು. ಈ ಅನಿಲದಲ್ಲಿ ಉರಿಯುವ ಭಾಗವಾದ ಮೀಥೇನನ್ನು ಉತ್ಪಾದಿಸುವ ಸೂಕ್ಷ್ಮಾಣುಗಳು 35 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಚುರುಕಾಗಿರುತ್ತವೆ, 20 ಡಿಗ್ರಿಗಿಂತ ಕೆಳಗೆ ತೀರಾ ನಿಧಾನವಾಗುತ್ತವೆ. ಆದ್ದರಿಂದ ಆಷಾಢ, ಶ್ರಾವಣಗಳಲ್ಲಿ ಅನಿಲ ಇಳಿಯುವುದು ಸಹಜ. ಆದರೆ ಅದೇ ತಿಂಗಳುಗಳಲ್ಲಿ ದನಗಳು ಹೆಚ್ಚು ಹೊತ್ತು ಕೊಟ್ಟಿಗೆಯಲ್ಲಿಯೇ ಇರುವುದರಿಂದ ಕೈಗೆ ಸಿಗುವ ಸಗಣಿ ಹೆಚ್ಚುತ್ತದೆ. ಎರಡೂ ಸೇರಿ ಕೆಲವು ಮನೆಗಳಲ್ಲಿ ಇಳಿತ ಅಷ್ಟಾಗಿ ಕಾಣಿಸುವುದೇ ಇಲ್ಲ. ತೊಟ್ಟಿಗಳಿಗೆ ಮುಚ್ಚಿಗೆ ಇಲ್ಲದೆ ಮಳೆನೀರು ಒಳಸೇರುವ ಮನೆಗಳಲ್ಲಿ ಮಾತ್ರ ಇಳಿತ ತೀವ್ರವಾಗಿತ್ತು. ಇನ್ನೂ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಬೇಕು. ಸ್ಥಾವರದಿಂದ ಬರುವ ಅನಿಲದಲ್ಲಿ ನೀರಿನ ಆವಿ ತುಂಬಿರುತ್ತದೆ. ತಂಪಿನ ದಿನಗಳಲ್ಲಿ ಅದು ಪೈಪಿನ ತಗ್ಗಿನಲ್ಲಿ ನೀರಾಗಿ ನಿಂತು ದಾರಿ ಕಟ್ಟುತ್ತದೆ, ಒಲೆಯ ಜ್ವಾಲೆ ಹಾರಿ ಹಾರಿ ಉರಿಯುತ್ತದೆ. ನೀರು ತುಂಬಿದ ಯು ಆಕಾರದ ಕೊಳವೆಯಿಂದ ಒತ್ತಡ ಅಳೆದಾಗ ಗುಮ್ಮಟದಲ್ಲಿ ಅನಿಲ ಸಾಕಷ್ಟಿದ್ದೂ ಒಲೆಗೆ ಬಾರದಿರುವುದು ತಿಳಿಯಿತು. ಪೈಪಿನ ತಗ್ಗಿನಲ್ಲಿ ನೀರು ಬಸಿಯುವ ನಲ್ಲಿಯನ್ನು ಜೋಡಿಸಿದ ಕಡೆ ಈ ದೂರು ನಿಂತಿತು.

ಅನಿಲದ ಲಾಭವನ್ನು ಹೇಳುವಾಗ ಸಂಶೋಧಕರು ಬಹಳ ಎಚ್ಚರ ವಹಿಸಬೇಕೆಂದು ನನಗೆ ಅನ್ನಿಸಿದ್ದು ಸೌದೆಯ ಲೆಕ್ಕದಲ್ಲಿ. ನಾಲ್ಕೈದು ಜನರ ಮನೆಯ ಅಡುಗೆಗೆ ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಘನ ಮೀಟರ್ ಅನಿಲ ಸಾಕು. ಒಂದು ಘನ ಮೀಟರ್ ಸುಮಾರು 0.45 ಕೆ.ಜಿ. ಎಲ್‌ಪಿಜಿಗೆ ಸಮವಾದ್ದರಿಂದ, 14.2 ಕೆ.ಜಿ.ಯ ಸಿಲಿಂಡರ್ ಒಂದು ಮೂರು ವಾರಗಳಿಗೊಮ್ಮೆ ಉಳಿಯುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಸೌದೆ ಅಷ್ಟೇ ಪ್ರಮಾಣದಲ್ಲಿ ಉಳಿಯುತ್ತದೆ ಎನ್ನಲಾಗದು. ಈ ಸೀಮೆಯಲ್ಲಿ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯ ಹಂಡೆಯಲ್ಲಿ, ಕೆಂಪಡಿಕೆಗಾಗಿ ಅಡಿಕೆ ಬೇಯುವುದು ದೊಡ್ಡ ಒಲೆಯ ಮೇಲೆ. ಈ ಎರಡಕ್ಕೂ ಸೌದೆ, ತೆಂಗಿನ ಮಡಲು, ಅಡಿಕೆ ಸಿಪ್ಪೆಗಳೇ ಇಂಧನ. ಅಡುಗೆಮನೆಯೊಂದನ್ನೇ ನೋಡಿ ಕಾಡು ಉಳಿಯಿತು ಎಂದು ಬರೆದರೆ ಅದು ಅತಿಶಯೋಕ್ತಿಯಾಗುತ್ತದೆ. ಹಾಗೆಂದು ಲಾಭ ಚಿಕ್ಕದೆಂದು ನಾನು ಹೇಳುತ್ತಿಲ್ಲ. ಹೊಗೆಯಿಲ್ಲದ ಅಡುಗೆಮನೆಯಲ್ಲಿ ದಿನದ ಗಂಟೆಗಳನ್ನು ಕಳೆಯುವ ಹೆಂಗಸರ ಕಣ್ಣು, ಉಸಿರುಗಳ ಮಟ್ಟಿಗೆ ಅದು ಬಹಳ ದೊಡ್ಡದು.

ಹಾಗಿದ್ದರೆ ಮನೆ ಮನೆಗೂ ಸಿಲಿಂಡರ್ ಬಂದ ಮೇಲೆಯೂ ಪ್ರತಿದಿನ 50 ಕೆ.ಜಿ. ಸಗಣಿ ಕಲಸುವ ಶ್ರಮವನ್ನು ಕುಟುಂಬಗಳು ಏಕೆ ಮುಂದುವರಿಸುತ್ತವೆ? ನನ್ನ ಅಧ್ಯಯನದ ಮುಖ್ಯ ಉತ್ತರ ಇಲ್ಲಿದೆ: ಸ್ಥಾವರವನ್ನು ಉಳಿಸಿದ್ದು ಒಲೆಗಿಂತ ಹೆಚ್ಚಾಗಿ ತೋಟ. ಸೊಪ್ಪಿನಬೆಟ್ಟದಿಂದ (ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಿಂದ) ತಂದ ಹಸಿ ಸೊಪ್ಪು, ದರಕನ್ನು (ಉದುರಿದ ಒಣ ಎಲೆಗಳನ್ನು) ಮೊದಲು ಕೊಟ್ಟಿಗೆಯಲ್ಲಿ ಹಾಸಿ, ಸಗಣಿ, ಗಂಜಲಗಳೊಡನೆ ಗೊಬ್ಬರದ ಗುಂಡಿಗೆ ಹಾಕುವುದು ಇಲ್ಲಿನ ಹಳೆಯ ಪದ್ಧತಿ. ಗೋಬರ್ ಗ್ಯಾಸಿಗೆ ಸೊಪ್ಪು ಬೆರೆತ ಸಗಣಿ ಆಗುವುದಿಲ್ಲ. ಅದು ಒಳಗೆ ಕೆನೆಗಟ್ಟಿ ಹರಿವನ್ನು ತಡೆಯುತ್ತದೆ. ಆದ್ದರಿಂದ ಸ್ಥಾವರ ಬಂದ ಮನೆಗಳಲ್ಲಿ ಸೊಪ್ಪು ನೇರವಾಗಿ ಗುಂಡಿಗೆ ಹೋಯಿತು, ಅದರ ಮೇಲೆ ಹೊರಹರಿವಿನ ಬಗ್ಗಡ ಹರಿಯಿತು. ಸಗಣಿಯಲ್ಲಿದ್ದ ಸಾರಜನಕ ಅನಿಲದ ಜೊತೆ ಹೋಗುವುದಿಲ್ಲ, ಬಗ್ಗಡದಲ್ಲಿಯೇ ಉಳಿಯುತ್ತದೆ. ಆದರೆ ಬಗ್ಗಡವನ್ನು ಬಿಸಿಲಿನಲ್ಲಿ ತೆರೆದಿಟ್ಟು ಒಣಗಿಸಿದರೆ ಅದರ ಒಂದು ಭಾಗ ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ. ದರಕಿನ ಹಾಸು ಅದನ್ನು ಹೀರಿ ಹಿಡಿದಿಡುತ್ತದೆ. ಇಂಥ ಗುಂಡಿಯ ಗೊಬ್ಬರವನ್ನು ಅಡಿಕೆ ಬುಡಕ್ಕೆ ಹಾಕಿದ ಬೆಳೆಗಾರರು ಗುಂಡಿ ತುಂಬುವ ಗತಿಯನ್ನು ನೋಡಿಕೊಂಡೇ ಸ್ಥಾವರದ ಯೋಗಕ್ಷೇಮ ವಿಚಾರಿಸುತ್ತಿದ್ದರು. ಬಗ್ಗಡ ಚರಂಡಿಗೆ ಹರಿಯುತ್ತಿದ್ದ ಮನೆಗಳಲ್ಲಿ, ಕೂಲಿಯಾಳು ಸಿಗದ ಮೊದಲ ವರ್ಷವೇ ಸಗಣಿ ಕಲಸುವುದು ನಿಂತದ್ದನ್ನು ನಾನು ಕಂಡೆ.

ಪರಿಸರದ ದೃಷ್ಟಿಯಿಂದ ನನ್ನನ್ನು ಅತ್ಯಂತ ಚಿಂತೆಗೆ ಹಚ್ಚಿದ ಲೆಕ್ಕವೊಂದನ್ನು ಬರೆಯದೆ ಮುಂದೆ ಹೋಗಲಾರೆ. ಈ ಅನಿಲದಲ್ಲಿ 55ರಿಂದ 60 ಶೇಕಡಾ ಮೀಥೇನ್. ಒಂದು ಘನ ಮೀಟರಿನಲ್ಲಿ ಸುಮಾರು 0.4 ಕೆ.ಜಿ. ಮೀಥೇನ್ ಇದ್ದು, ನೂರು ವರ್ಷಗಳ ಅವಧಿಗೆ ನೋಡಿದರೆ ಮೀಥೇನ್ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಉರಿಸದೆ ಗಾಳಿಗೆ ಬಿಟ್ಟ ಒಂದು ಘನ ಮೀಟರ್ ಅನಿಲವು ಹೀಗೆ ಸುಮಾರು 11 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಅದೇ ಒಂದು ಘನ ಮೀಟರನ್ನು ಉರಿಸಿ ಉಳಿಸುವ ಎಲ್‌ಪಿಜಿಯಿಂದ ತಪ್ಪುವುದು ಒಂದೂವರೆ ಕೆ.ಜಿ.ಗಿಂತಲೂ ಕಡಿಮೆ. ಅಂದರೆ ಒಂದು ದಿನ ವ್ಯರ್ಥವಾಗಿ ಹೋದ ಅನಿಲವು ಒಂದು ವಾರಕ್ಕೂ ಮಿಕ್ಕಿದ ಸದುಪಯೋಗವನ್ನು ತಿಂದುಹಾಕುತ್ತದೆ. ಸಗಣಿಯನ್ನು ತಿಪ್ಪೆಯಲ್ಲಿಯೇ ಬಿಟ್ಟಿದ್ದರೂ ಒಂದಿಷ್ಟು ಮೀಥೇನ್ ಹೊರಡುತ್ತಿತ್ತು ಎಂಬುದನ್ನು ಕಳೆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. 1984ರಲ್ಲಿ ಬಂದ ದೀನಬಂಧು ಮಾದರಿಯಂಥ ಸ್ಥಿರ ಗುಮ್ಮಟದ ಸ್ಥಾವರಗಳಲ್ಲಿ ಬಳಕೆ ಕಡಿಮೆಯಾದಾಗ ಹೆಚ್ಚಾದ ಅನಿಲ ಬಗ್ಗಡವನ್ನು ಕೆಳಗೊತ್ತಿ, ಹೊರಹರಿವಿನ ತೊಟ್ಟಿಯ ಮೂಲಕ ಗುಳ್ಳೆಗಳಾಗಿ ಹೋಗುತ್ತದೆ. ಅಲ್ಲಿ ಏಳುವ ಗುಳ್ಳೆಗಳನ್ನು ನೋಡಿ ಸ್ಥಾವರ ಚೆನ್ನಾಗಿ ನಡೆಯುತ್ತಿದೆ ಎಂದು ಸಂತೋಷಪಡುವವರನ್ನು ಕಂಡಿದ್ದೇನೆ. ಆ ಗುಳ್ಳೆಗಳ ಅರ್ಥವನ್ನು ತಿಳಿಸಿದ ಮೇಲೆ ಹೆಚ್ಚಿನವರು ಮಿಕ್ಕ ಅನಿಲವನ್ನು ದನಗಳ ಹಿಂಡಿ, ಅಕ್ಕಚ್ಚು ಬೇಯಿಸಲು ಇನ್ನೊಂದು ಒಲೆ ಜೋಡಿಸಿ ಬಳಸತೊಡಗಿದರು.

ಆದ್ದರಿಂದ ಈಗ ಯಾವುದಾದರೂ ಕುಟುಂಬ ಸಲಹೆ ಕೇಳಿದರೆ ನಾನು ದೊಡ್ಡ ಗಾತ್ರವನ್ನು ಸೂಚಿಸುವುದಿಲ್ಲ. ಮೊದಲು ಮಳೆಗಾಲದಲ್ಲಿ ಒಂದು ವಾರ, ಬೇಸಿಗೆಯಲ್ಲಿ ಒಂದು ವಾರ ಕೊಟ್ಟಿಗೆಯ ಸಗಣಿಯನ್ನು ಅವರೇ ತೂಗಿ ಬರೆದಿಡಬೇಕು. ಎರಡರಲ್ಲಿ ಕಡಿಮೆ ಬಂದ ತೂಕಕ್ಕೆ ಗಾತ್ರ ನಿಶ್ಚಯಿಸಬೇಕು. ಅಡುಗೆಯ ಅಗತ್ಯಕ್ಕಿಂತ ಅದು ಹೆಚ್ಚಾಗಿದ್ದರೆ ಅಗತ್ಯದ ಗಾತ್ರವೇ ಸಾಕು, ಉಳಿದ ಸಗಣಿ ನೇರವಾಗಿ ಗುಂಡಿಗೆ ಹೋಗಲಿ. ಬಗ್ಗಡ ಇಳಿಜಾರಿನಲ್ಲಿ ತಾನಾಗಿ ಗುಂಡಿಗೆ ಹರಿಯುವ ಜಾಗ ಸಿಗದಿದ್ದರೆ, ಸಹಾಯಧನ ಇದ್ದರೂ ಕಟ್ಟಬೇಡಿ ಎಂದೇ ಹೇಳುತ್ತೇನೆ. ದುರಸ್ತಿಗೆ ಕರೆದರೆ ಅದೇ ವಾರ ಬರುವಷ್ಟು ಹತ್ತಿರದಲ್ಲಿ ಗುಮ್ಮಟದ ಕೆಲಸ ಬಲ್ಲ ಗಾರೆಯವರು ಇದ್ದಾರೆಯೇ ಎಂದೂ ವಿಚಾರಿಸಬೇಕು. ಶಿರಸಿಯ ಯಶಸ್ಸಿನಲ್ಲಿ ಇಂಥವರ ಪಾಲು ದೊಡ್ಡದು.

ಈಚೆಗೆ ಎದುರಾಗಿರುವ ಕಷ್ಟ ಬೇರೆಯದು. ಮಕ್ಕಳು ಊರು ಬಿಟ್ಟು, ದನಗಳ ಸಂಖ್ಯೆ ಎರಡಕ್ಕೆ ಇಳಿದ ಮನೆಗಳಲ್ಲಿ ಹಳೆಯ ದೊಡ್ಡ ತೊಟ್ಟಿಗಳು ಅರೆಹೊಟ್ಟೆಯಲ್ಲಿ ನಡೆಯುತ್ತಿವೆ. ಒಂದು ಘನ ಮೀಟರಿಗೂ 25 ಕೆ.ಜಿ. ಸಗಣಿ ಬೇಕು, ಅಷ್ಟೂ ಇಲ್ಲ. ಎಲೆ, ಸೊಪ್ಪುಗಳಿಂದಲೇ ಅನಿಲ ಪಡೆಯುವ ಬೇರೆ ಬಗೆಯ ಸ್ಥಾವರಗಳ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ಆ ದಾರಿಯಲ್ಲಿ ಇರುವ ತೊಟ್ಟಿಗಳನ್ನೇ ಬಳಸಲು ಸಾಧ್ಯವೇ ಎಂದು ತಿಳಿಯಲು, ಅಡುಗೆಮನೆಯ ಉಳಿಕೆಯನ್ನು ಮತ್ತು ನುಣ್ಣಗೆ ಕೊಚ್ಚಿದ ಬಾಳೆಯ ದಿಂಡನ್ನು ಸಣ್ಣ ಪ್ರಮಾಣದಲ್ಲಿ ಸಗಣಿಯೊಡನೆ ಸೇರಿಸಿ ಕೆಲವು ಮನೆಗಳಲ್ಲಿ ಅಳತೆ ಆರಂಭಿಸಿದ್ದೇವೆ. ಹಾಕಿದ್ದರ ತೂಕ, ಬಗ್ಗಡದ ಆಮ್ಲೀಯತೆ ಮತ್ತು ಒಲೆ ಉರಿದ ಹೊತ್ತನ್ನು ಆಯಾ ಮನೆಯವರೇ ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ. ಒಂದು ಮಳೆಗಾಲವೂ ಒಂದು ಬೇಸಿಗೆಯೂ ಪೂರ್ತಿಯಾಗಿ ದಾಖಲಾಗುವ ತನಕ ಯಾರಿಗೂ ಇದನ್ನು ಶಿಫಾರಸು ಮಾಡುವುದಿಲ್ಲವೆಂದು ಅವರೊಡನೆ ಮಾತಾಗಿದೆ.